ಒಂದಾದ ಮೇಲೆ ಹತ್ತು

"ರೀ, ಬಾಗಿಲು ತೆಗೀರಿ! ಬಾಕ್ಸ್ ತಂದಿದೀನಿ!"

"ಆಗಲ್ಲ!"

"ಆಗಲ್ಲ ಅಂದ್ರೆ? ಬೆಳಿಗ್ಗೆ ನೀವೇ ಅಲ್ವಾ ಫೋನ್ ಮಾಡಿ ಕರೆದಿದ್ದು?"

"ಆಗಲ್ಲ ಅಂದ್ನಲ್ಲ! ಕೈ ಬಿಟ್ರೆ ಅಪ್ಪ ಬಿದ್ದುಬಿಡ್ತಾರೆ!"

ಹೊರಗಿನ ದನಿ ತಟ್ಟನೆ ನಿಂತಿತು.

ಒಳಗೆ ಅವಳು ನೆಲದ ಮೇಲೆ ಮಂಡಿಯೂರಿ ಕೂತಿದ್ದಳು. ಕುರ್ಚಿಯಿಂದ ಅರ್ಧ ಜಾರಿದ ಅಪ್ಪನ ಭಾರವೆಲ್ಲ ಅವಳ ಎರಡು ತೋಳುಗಳ ಮೇಲಿತ್ತು. ಎತ್ತಲು ಶಕ್ತಿ ಸಾಲದು, ಇಳಿಸಲು ಧೈರ್ಯ ಬಾರದು. ಎಷ್ಟು ಹೊತ್ತಾಗಿತ್ತೋ... ಬೆನ್ನು ನಡುಗುತ್ತಿತ್ತು. ಬಾಗಿಲಿಗೆ ಒಳಗಿನಿಂದ ಬೀಗ ಹಾಕಿತ್ತು, ಎರಡೂ ಕಡೆಯಿಂದ ತೆಗೆಯಬಹುದಾದ ಬೀಗ. ಬೀಗದ ಕೀಲಿ ಅವಳ ಸೊಂಟದಲ್ಲಿ. ಸಹಾಯ ಎಂಬುದು ಬಾಗಿಲಾಚೆ ಆರು ಹೆಜ್ಜೆ ದೂರದಲ್ಲಿ ನಿಂತಿತ್ತು, ಆದರೆ ಒಳಗೆ ಬರುವ ದಾರಿಯಿರಲಿಲ್ಲ!

"ಕೀಲಿ ಎಲ್ಲಿದೆ?" ಹೊರಗಿನವನ ದನಿ ಈಗ ಮೆತ್ತಗಾಗಿತ್ತು.

"ನನ್ನ ಸೊಂಟದಲ್ಲಿ."

"ಒಂದು ಕೈ ಬಿಡಬಹುದಾ? ಒಂದೇ ಕ್ಷಣ. ಕೀಲಿ ನೆಲಕ್ಕೆ ಹಾಕಿ, ಕಾಲಲ್ಲಿ ಬಾಗಿಲ ಕಡೆ ತಳ್ಳಿ. ಕೆಳಗೆ ಸಂದಿದೆ, ನನ್ನ ಬೆರಳು ಹೋಗುತ್ತೆ."

ಅವಳು ಉಸಿರು ಬಿಗಿಹಿಡಿದು ಎಡಗೈ ಬಿಟ್ಟಳು. ಕೀಲಿ ಕಿತ್ತಳು, ಹಾಕಿದಳು, ಹಿಮ್ಮಡಿಯಿಂದ ಒದ್ದಳು. ಕೀಲಿ ಗಿರ್ರನೆ ಜಾರಿ ಬಾಗಿಲ ಬುಡಕ್ಕೆ ಬಡಿಯಿತು. ಸಂದಿಯಿಂದ ಎರಡು ಬೆರಳು ಬಂದು ಅದನ್ನು ಎಳೆದುಕೊಂಡವು.

ಬಂದವನು ಕೈಯಲ್ಲಿದ್ದ ಚೀಲವನ್ನು ಹೊಸ್ತಿಲಲ್ಲೇ ಬಿಟ್ಟು ಓಡಿಬಂದ.

"ಬೆನ್ನು ಬಗ್ಗಿಸಬೇಡಿ, ಮಂಡಿ ಬಗ್ಗಿಸಿ. ಹಳೇ ಟಿವಿಗಳನ್ನ ಹೀಗೇ ಎತ್ತೋದು. ಒಂದು... ಎರಡು..."

ಮೂರು ಅನ್ನುವಷ್ಟರಲ್ಲಿ ಅಪ್ಪ ಕುರ್ಚಿಯಲ್ಲಿದ್ದರು.

ಅವಳು ಗೋಡೆಗೊರಗಿ ಹಾಗೇ ಕುಸಿದಳು. ಥ್ಯಾಂಕ್ಸ್ ಹೇಳಬೇಕು ಅನ್ನಿಸಿತು. ಬಾಯಿಂದ ಬಂದದ್ದು ಮಾತ್ರ ಬೇರೆ.

"ನಮ್ಮಪ್ಪನ್ನ ಟಿವಿ ಅಂದ್ರಲ್ರೀ!"

ಅವನು ಮೂಗಿನಿಂದ ಜಾರಿದ ಕನ್ನಡಕವನ್ನು ಮೇಲೆ ತಳ್ಳಿಕೊಂಡು ಹೇಳಿದ, "ಟಿವಿಗಿಂತ ಹಗುರ ಇದ್ದಾರೆ ಬಿಡಿ."

ಅಪ್ಪ ನಕ್ಕರು. ಅಪ್ಪ ನಗದೆ ಎಷ್ಟೋ ತಿಂಗಳಾಗಿತ್ತು!

* * *

ಅಪ್ಪ ಒಂದು ಕಾಲದಲ್ಲಿ ಪದ್ಯದ ಮೇಷ್ಟ್ರು. ಶಾಲೆಯಲ್ಲಿ ಪಾಠ, ಸಂಜೆ ಜಗಲಿಯಲ್ಲಿ ಕಾವ್ಯವಾಚನ. ರಾಗವಾಗಿ ಪದ್ಯ ಎತ್ತಿದರೆ ದಾರಿಹೋಕರೂ ಸೈಕಲ್ ನಿಲ್ಲಿಸಿ ಕೇಳುತ್ತಿದ್ದರು. ಸೆರೆಮನೆಯಲ್ಲಿ ಕೂತ ರಾಜಕುಮಾರಿಯ ಕಥೆಯೊಂದು ಅವರಿಗೆ ಪೂರ್ತಿ ಬಾಯಿಪಾಠ. ಅಮ್ಮ ಬದುಕಿದ್ದಾಗ ಅದನ್ನು ಇಪ್ಪತ್ತು ಕ್ಯಾಸೆಟ್‌ಗಳಲ್ಲಿ ರೆಕಾರ್ಡ್ ಮಾಡಿ, ಒಂದೊಂದರ ಮೇಲೂ ದುಂಡಗಿನ ಅಕ್ಷರದಲ್ಲಿ ಭಾಗದ ಸಂಖ್ಯೆ ಬರೆದಿಟ್ಟಿದ್ದರು.

ನಾಲ್ಕು ವರ್ಷದ ಹಿಂದೆ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಕಲಸಿಹೋಯಿತು. ನೀರು ಬೇಕಾದರೆ "ಕಿಟಕಿ" ಅನ್ನುತ್ತಿದ್ದರು. ಮಗಳನ್ನು "ಮರಿ" ಎಂದು ಕರೆಯುತ್ತಿದ್ದ ಬಾಯಿಂದ ಈಗ "ಗಡಿಯಾರ" ಬರುತ್ತಿತ್ತು. ತಪ್ಪು ಬಂತೆಂದು ಅವರಿಗೇ ತಿಳಿಯುತ್ತಿತ್ತು, ಸರಿಯಾದದ್ದು ಸಿಗುತ್ತಿರಲಿಲ್ಲ. ಒಳಗೆ ಎಲ್ಲವೂ ಇದೆ, ಬಾಗಿಲು ಮಾತ್ರ ಜಡಿದುಕೊಂಡಿದೆ... ಹಾಗೆ.

ಅವಳೂ ಹಾಗೇ ಇದ್ದಳು.

ಒಂದು ದಿನ ಅಪ್ಪ ಹೇಗೋ ಗೋಡೆ ಹಿಡಿದು ಹೊರಗೆ ಹೋಗಿ ಮೆಟ್ಟಿಲಿಂದ ಉರುಳಿದ್ದರು. ಆವತ್ತು ಬಾಗಿಲಿಗೆ ಬೀಗ ಬಂತು, ಕೀಲಿ ಅವಳ ಸೊಂಟಕ್ಕೆ ಬಂತು. ಕನ್ನಡಕದ ಅಂಗಡಿಯ ಕೆಲಸ ಬಿಟ್ಟಳು. ಅಲ್ಲಿ ಅವಳು ಬಂದವರಿಗೆ ಗೋಡೆಯ ಮೇಲಿನ ಅಕ್ಷರ ಓದಿಸುತ್ತಿದ್ದಳು, ಗಾಜು ಕೂರಿಸುತ್ತಿದ್ದಳು, ಕಿವಿಯ ಹಿಂದಿನ ಕಡ್ಡಿಯನ್ನು ಬಿಸಿ ಮಾಡಿ ಬಾಗಿಸುತ್ತಿದ್ದಳು. ಈಗ ಅವಳ ಲೋಕವೆಂದರೆ ಎರಡು ಕೋಣೆ, ಒಂದು ಕಿಟಕಿ. ಕಿಟಕಿಗೆ ಎದುರು ಮನೆಯ ಹಿಂಗೋಡೆ.

ವಾರಕ್ಕೊಮ್ಮೆ ಕೆಳಗಿನ ಮನೆ ಅಕ್ಕ ತರಕಾರಿ ತಂದುಕೊಡುತ್ತಿದ್ದಳು. ತಿಂಗಳಿಗೊಮ್ಮೆ ದೂರದ ಊರಿನಿಂದ ಅಣ್ಣ ಫೋನ್ ಮಾಡುತ್ತಿದ್ದ.

"ಅಪ್ಪನಿಗೆ ಟಿವಿ ಇದೆಯಲ್ಲ, ಹೊತ್ತು ಹೋಗುತ್ತೆ ಬಿಡು," ಎನ್ನುತ್ತಿದ್ದ. ತಂಗಿಯ ಹೊತ್ತು ಹೇಗೆ ಹೋಗುತ್ತದೆಂದು ಒಮ್ಮೆಯೂ ಕೇಳಲಿಲ್ಲ.

ಅಪ್ಪನಿಗೆ ಟಿವಿ ಬೇಕಿರಲಿಲ್ಲ. ಅವರಿಗೆ ಬೇಕಿದ್ದದ್ದು ಆ ಕ್ಯಾಸೆಟ್‌ಗಳು. ಆದರೆ ಟೇಪ್ ರೆಕಾರ್ಡರ್ ಕೆಟ್ಟು ಹೋಗಿತ್ತು, ರಿಪೇರಿಗೆ ಬಿಡಿಭಾಗವೇ ಸಿಗುತ್ತಿರಲಿಲ್ಲ. ಮುಖ್ಯರಸ್ತೆಯ ಟಿವಿ ರಿಪೇರಿ ಅಂಗಡಿಗೆ ಫೋನ್ ಮಾಡಿ ಕೇಳಿದಾಗ, "ಒಂದು ಅಗ್ಗದ ಬಾಕ್ಸ್ ಬಂದಿದೆ. ನಿಮ್ಮ ಹಳೇ ಟಿವಿಗೇ ಹಾಕ್ಬಹುದು. ಕ್ಯಾಸೆಟ್‌ದೆಲ್ಲ ಪೆನ್ ಡ್ರೈವ್‌ಗೆ ಇಳಿಸಿಕೊಡ್ತೀನಿ," ಎಂದಿದ್ದ ಅಂಗಡಿಯವನು.

ಆವತ್ತು ಬಾಗಿಲ ಸಂದಿಯಿಂದ ಕೀಲಿ ಎಳೆದುಕೊಂಡವನು ಅವನೇ.

* * *

ಬಾಕ್ಸ್ ಎಂದರೆ ಸೋಪಿನ ಡಬ್ಬಿಯಷ್ಟಿತ್ತು. ಹಿಂದೆ ಮೂರು ವೈರು.

"ಹಳದಿ ಚಿತ್ರಕ್ಕೆ. ಬಿಳಿ, ಕೆಂಪು ದನಿಗೆ. ಚಿತ್ರ ಬರದೇ ಇದ್ರೂ ಪರವಾಗಿಲ್ಲ, ನಿಮಗೆ ದನಿ ಮುಖ್ಯ ಅಲ್ವಾ?"

"ಹ್ಯಾಂಗ್ ಆದ್ರೆ?"

"ಪ್ಲಗ್ ಕಿತ್ತು ಹಾಕಿ."

"ಮತ್ತೆ ಹ್ಯಾಂಗ್ ಆದ್ರೆ?"

"ಮತ್ತೆ ಕಿತ್ತು ಹಾಕಿ."

"ಇಷ್ಟಕ್ಕೆ ನಿಮ್ಮನ್ನ ಟೆಕ್ನಿಷಿಯನ್ ಅಂತಾರಾ?"

"ಮೂರನೇ ಸಲಾನೂ ಹ್ಯಾಂಗ್ ಆದ್ರೆ ಫೋನ್ ಮಾಡಿ. ನಾನೇ ಬಂದು ಕಿತ್ತು ಹಾಕ್ತೀನಿ."

ಅವಳಿಗೆ ನಗು ತಡೆಯಲಾಗಲಿಲ್ಲ.

ಕೆಳಗಿನ ಮನೆ ಅಕ್ಕನ ಕೈಲಿ ಅವಳು ಮುಂಚೆಯೇ ಕಳಿಸಿದ್ದ ಮೊದಲ ಎರಡು ಕ್ಯಾಸೆಟ್ಟಿನ ಪದ್ಯಗಳನ್ನು ಅವನು ಒಂದೊಂದಾಗಿ ಕತ್ತರಿಸಿ, ಅಂಕಿ ಹಾಕಿ ತಂದಿದ್ದ. ಬೇಕಾದ ಪದ್ಯವನ್ನೇ ರಿಮೋಟ್ ಒತ್ತಿ ಮತ್ತೆ ಕೇಳಬಹುದು. ಟಿವಿಯಿಂದ ಇಪ್ಪತ್ತು ವರ್ಷದ ಹಿಂದಿನ ಅಪ್ಪನ ಕಂಠ ತುಂಬಿ ಬಂದಾಗ, ಕುರ್ಚಿಯಲ್ಲಿದ್ದ ಅಪ್ಪ ಕಣ್ಣುಮುಚ್ಚಿದರು. ತುಟಿ ಅಲುಗಿತು. ಆಮೇಲೆ... ಅಯ್ಯೋ! "ನೀರು" ಎನ್ನಲಾಗದ ಆ ಬಾಯಿ, ಟಿವಿಯ ಜೊತೆಜೊತೆಗೇ ಪದ್ಯವನ್ನು ಪದ ತಪ್ಪದೆ ಹಾಡಿತು!

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವನು ಬೆನ್ನು ತಿರುಗಿಸಿ, ಬೇಕಿಲ್ಲದಿದ್ದರೂ ವೈರುಗಳನ್ನು ಮತ್ತೆ ಮತ್ತೆ ಬಿಗಿಮಾಡಿದ. ಅವಳು ಅಳುವುದನ್ನು ಅವನು ನೋಡಬಾರದೆಂದು ಹಾಗೆ ಮಾಡಿದ. ಅದು ಅವಳಿಗೆ ತಿಳಿಯಿತು. ಆ ತಿಳಿವಳಿಕೆಯೇ ಎದೆಯಲ್ಲಿ ಮೊದಲು ಕೂತದ್ದು.

"ಉಳಿದ ಕ್ಯಾಸೆಟ್ ಎಲ್ಲಾ ಕೊಡಿ. ಎರಡು ದಿನದಲ್ಲಿ ಮುಗಿಸಿಬಿಡ್ತೀನಿ."

"ಬೇಡ. ಎರಡೆರಡೇ ಕೊಡ್ತೀನಿ."

"ಯಾಕೆ? ನಂಬಿಕೆ ಇಲ್ವಾ?"

"ಅಮ್ಮನ ಕೈಬರಹ ಇದೆ ಅದರ ಮೇಲೆ," ಎಂದಳು. ಅದು ನಿಜವೇ. ಆದರೆ ಐದನೇ ವಾರದ ಹೊತ್ತಿಗೆ ಅದೊಂದೇ ಕಾರಣವಾಗಿರಲಿಲ್ಲ.

ಪ್ರತಿ ಬುಧವಾರ ಹನ್ನೊಂದು ಗಂಟೆಗೆ ಬಾಗಿಲು ಸದ್ದಾಗುತ್ತಿತ್ತು. ಬಂದು ಹೋಗುವಾಗ ಅವನು ತನ್ನ ಟೆಸ್ಟರನ್ನು ಟಿವಿಯ ಮೇಲೆ ಮರೆತು ಹೋಗುತ್ತಿದ್ದ. ಕರೆಂಟು ಇದ್ದರೆ ಹೊಟ್ಟೆಯಲ್ಲಿ ಕೆಂಪಗೆ ಮಿನುಗುವ ಸಣ್ಣ ಸ್ಕ್ರೂಡ್ರೈವರು. ಮುಂದಿನ ಬುಧವಾರ, "ಅಯ್ಯೋ, ಇಲ್ಲೇ ಬಿಟ್ಟಿದ್ನಾ!" ಎನ್ನುತ್ತಿದ್ದ. ಎಂಟು ವಾರ, ಎಂಟು ಸಲ!

"ಏನೇ ಹುಡುಗಿ," ಕೆಳಗಿನ ಮನೆ ಅಕ್ಕ ಕೇಳಿದಳು, "ನಿಮ್ಮ ಟಿವಿ ಅಷ್ಟು ಸಲ ಕೆಡುತ್ತಲ್ಲ, ನಮ್ಮದು ಒಂದ್ಸಲನಾದ್ರೂ ಕೆಡಬಾರದಾ?"

"ಅಪ್ಪನ ಕ್ಯಾಸೆಟ್ ಅಕ್ಕಾ..."

"ಹೂಂ ಹೂಂ. ಕ್ಯಾಸೆಟ್ಟಿಗೆ ನೀನು ತಲೆ ಬಾಚಿಕೊಂಡು ಕೂತಿರ್ತೀಯ."

ಒಂದು ಬುಧವಾರ ಅವನ ಕನ್ನಡಕ ಮೂರನೇ ಸಲ ಜಾರಿತು. ಅವಳಿಗೆ ತಡೆಯಲಾಗಲಿಲ್ಲ.

"ಕೊಡ್ರೀ ಇಲ್ಲಿ! ನೋಡೋಕಾಗಲ್ಲ ನಂಗೆ."

ಬೀರುವಿನ ತಳದಿಂದ ನಾಲ್ಕು ವರ್ಷ ಮುಟ್ಟದ ತನ್ನ ಸಣ್ಣ ಸ್ಕ್ರೂಡ್ರೈವರ್ ತೆಗೆದಳು. ಕಡ್ಡಿಯನ್ನು ಬಿಗಿದಳು, ಮೂಗಿನ ಮೇಲೆ ಕೂರುವ ಎರಡು ಗುಂಡಿಗಳನ್ನು ಒಂದಿಷ್ಟು ಒಳಕ್ಕೆ ಒತ್ತಿದಳು. ಹತ್ತಿರ ಬಂದು, ತಾನೇ ಅದನ್ನು ಅವನ ಮುಖಕ್ಕೆ ಹಾಕಿ ನೋಡಿದಳು.

"ಕಾಣ್ತಾ ಇದೆಯಾ?"

"ಕಾಣ್ತಾ ಇದೆ," ಎಂದ ಅವನು. ನೋಡುತ್ತಿದ್ದದ್ದು ಗೋಡೆಯನ್ನಲ್ಲ.

* * *

ಸುಖಕ್ಕೆ ಆಯಸ್ಸು ಕಡಿಮೆ ಎನ್ನುವಂತೆ, ಮರುದಿನವೇ ಅಣ್ಣನ ಫೋನ್ ಬಂತು.

"ಈ ಭಾನುವಾರ ಅಲ್ಲ, ಮುಂದಿನದೂ ಅಲ್ಲ, ಅದರ ಮುಂದಿನ ಭಾನುವಾರ ಲಾರಿ ಕಳಿಸ್ತೀನಿ. ಆ ಮನೆ ಖಾಲಿ ಮಾಡಿ. ಇಬ್ಬರೂ ಇಲ್ಲೇ ಬಂದಿರಿ."

"ಅಣ್ಣಾ... ನನ್ನನ್ನ ಒಂದು ಮಾತು ಕೇಳಬಹುದಿತ್ತು."

"ಕೇಳೋದೇನಿದೆ? ಹಿಂದುಗಡೆ ಒಂದು ಕೋಣೆ ಇದೆ. ನಿಮ್ಮತ್ತಿಗೆಗೂ ಅಡುಗೆಗೊಂದು ಕೈ ಆಗುತ್ತೆ. ನಿನಗೆ ಅಲ್ಲೇನಿದೆ ಹೇಳು?"

ಏನಿದೆ? ಅವಳು ಬಾಯಿ ತೆರೆದಳು. ಟಿವಿಯ ಮೇಲೆ ಟೆಸ್ಟರ್ ಇತ್ತು.

"ಏನೂ ಇಲ್ಲ," ಎಂದಳು.

ಎರಡು ಕೋಣೆಯ ಸೆರೆಯಿಂದ ಒಂದು ಕೋಣೆಯ ಸೆರೆಗೆ! ಅಲ್ಲಿ ಕೀಲಿಯೂ ತನ್ನ ಸೊಂಟದಲ್ಲಿರುವುದಿಲ್ಲ.

ಮುಂದಿನ ಬುಧವಾರ ಅವನಿಗೆ ವಿಷಯ ಹೇಳಿದಾಗ, ದನಿ ಎಷ್ಟು ಒಣಗಿತ್ತೆಂದರೆ ಬೇರೆ ಯಾರದೋ ಮನೆಯ ಸುದ್ದಿ ಹೇಳಿದಂತಿತ್ತು.

ಅವನು ಕೈಯಲ್ಲಿದ್ದ ವೈರನ್ನು ಕೆಳಗಿಟ್ಟ. ಆಮೇಲೆ, "ಸ್ವಲ್ಪ ಹೊರಗೆ ಬರ್ತೀರಾ? ಹತ್ತೇ ನಿಮಿಷ. ಬೀದಿ ತುದಿ ತನಕ. ನಿಮ್ಮ ಹತ್ರ ಒಂದು ಮಾತಾಡ್ಬೇಕು," ಎಂದ.

ಹತ್ತು ನಿಮಿಷ! ನಾಲ್ಕು ವರ್ಷದಲ್ಲಿ ಯಾರೂ ಕೇಳದ ಹತ್ತು ನಿಮಿಷ. ಆ ಆಸೆಯೇ ಅವಳನ್ನು ಸುಟ್ಟಿತು. ಸುಟ್ಟದ್ದು ಬಾಯಿಂದ ಬೆಂಕಿಯಾಗಿ ಹೊರಬಂತು.

"ಈ ಬೀಗ ಕಾಣಲ್ವಾ ನಿಮಗೆ? ಕನ್ನಡಕ ಸರಿ ಮಾಡಿಕೊಟ್ಟಿದೀನಲ್ಲ! ನಿಮಗೇನು, ಚೀಲ ಹೆಗಲಿಗೆ ಹಾಕ್ಕೊಂಡು ಹೊರಟುಬಿಡ್ತೀರಾ. ನಾನು ಎಲ್ಲಿಗೆ ಬರ್ಲಿ? ಯಾರನ್ನ ಬಿಟ್ಟು ಬರ್ಲಿ?"

ಅವನ ಮುಖ ಸಣ್ಣಗಾಯಿತು. "ತಪ್ಪಾಯ್ತು," ಎಂದ. ಕೊನೆಯ ಎರಡು ಕ್ಯಾಸೆಟ್ ತೆಗೆದುಕೊಂಡು ಮೆಟ್ಟಿಲಿಳಿದ.

ಅವನು ಹೋದ ಮೇಲೆ ಅವಳು ಬಾಗಿಲಿಗೆ ಹಣೆಯಿಟ್ಟು ನಿಂತಳು. 'ಏನಂದುಬಿಟ್ಟೆ... ಯಾರ ಮೇಲಿನ ಸಿಟ್ಟು ಯಾರ ಮೇಲೆ ಸುರಿದೆ...'

ವಾರ ಕಳೆದು ಅವನು ಬಂದ. ಒಳಗೆ ಕಾಲಿಡಲಿಲ್ಲ. ಹೊಸ್ತಿಲಾಚೆ ನಿಂತೇ ಪೆನ್ ಡ್ರೈವ್ ಚಾಚಿದ.

"ಕೊನೆ ಭಾಗ ಇದೆ ಇದರಲ್ಲಿ. ಇದರಲ್ಲೇ ಇನ್ನೊಂದು ಫೋಲ್ಡರ್ ಇದೆ, 'ನಿಮಗೆ' ಅಂತ. ಅಪ್ಪ ಮಲಗಿದಾಗ ಕೇಳಿ." ಕನ್ನಡಕ ಸರಿಯಾಗಿಯೇ ಇದ್ದರೂ ಮೇಲೆ ತಳ್ಳಿಕೊಂಡ. "ಎದುರಿಗೆ ನಿಂತು ಹೇಳೋಕೆ ನನಗೆ ಬರಲ್ಲ. ಅಂಗಡೀಲಿ ಒಬ್ಬನೇ ಕೂತು ಫೋನಲ್ಲಿ ಒಂದೊಂದೇ ಮಾತು ರೆಕಾರ್ಡ್ ಮಾಡಿದೆ."

ಮಧ್ಯಾಹ್ನ ಅಪ್ಪ ನಿದ್ದೆ ಹೋದರು. ಅವಳು ದನಿ ತೀರ ಸಣ್ಣದು ಮಾಡಿ, ಟಿವಿಯ ಪಕ್ಕದಲ್ಲೇ ನೆಲಕ್ಕೆ ಕೂತು, ಕಿವಿಯನ್ನು ಸ್ಪೀಕರಿಗೆ ಹಚ್ಚಿ, ಫೋಲ್ಡರ್ ತೆರೆದು ರಿಮೋಟ್ ಒತ್ತಿದಳು.

ಮೊದಲು ಗಂಟಲು ಸರಿಮಾಡಿಕೊಂಡ ಸದ್ದು. ಆಮೇಲೆ ಅವನ ದನಿ.

"ನಿಮ್ಮ ಮನೆಗೆ ಬರೋದು ಇನ್ನು ನಿಲ್ಲಿಸಬೇಕು ಅಂದ್ಕೊಂಡೆ."

ಒಂದು ಕ್ಷಣ ಮೌನ. ಬಾಕ್ಸ್ ತಾನೇ ಮುಂದಕ್ಕೆ ಹೋಯಿತು.

"ನನಗೆ ಫೋನ್ ಮಾಡಬೇಡಿ. ಕಾರಣಾನೂ ಹೇಳಬೇಡಿ. ನನ್ನ ಟೆಸ್ಟರ್ ನಿಮ್ಮ ಮನೇಲಿದೆಯಲ್ಲ, ಅದನ್ನ ಕೆಳಗಿನ ಮನೆ ಅಕ್ಕನ ಕೈಲಿ ಕೊಟ್ಟುಬಿಡಿ."

ಮತ್ತೆ ಮೌನ.

"ನಿಮ್ಮ ಮೇಲೆ ನನಗೆ ಒಂದಿಷ್ಟೂ ಬೇಜಾರಿಲ್ಲ. ಎಲ್ಲಿದ್ರೂ ಚೆನ್ನಾಗಿರಿ."

ಅವಳು ಪ್ಲಗ್ ಕಿತ್ತಳು.

ಕಿತ್ತ ವೈರನ್ನು ಕೈಯಲ್ಲಿ ಹಿಡಿದು ಎಷ್ಟೋ ಹೊತ್ತು ಹಾಗೇ ಕೂತಿದ್ದಳು. ಅಳು ಬರಲಿಲ್ಲ. 'ಸರಿಯಾಗೇ ಮಾಡಿದ್ದಾರೆ. ಯಾರು ತಾನೆ ಈ ಬೀಗಕ್ಕೆ ತಲೆ ಒಡ್ಡುತ್ತಾರೆ...'

ಮರುದಿನ ಬೆಳಿಗ್ಗೆ ಟೆಸ್ಟರನ್ನು ಕಾಗದದಲ್ಲಿ ಸುತ್ತಿ ಅಕ್ಕನ ಕೈಗಿಟ್ಟಳು. ಸಂಜೆ ಅಕ್ಕ ಮೇಲೆ ಬಂದು, "ಬಂದಿದ್ದ ಕಣೇ. ಕೊಟ್ಟೆ. ಕಾಗದ ಬಿಚ್ಚಿ ನೋಡಿದೋನು ಹಾಗೇ ಮತ್ತೆ ಸುತ್ತಿ, ಜೇಬಿಗಿಟ್ಕೊಂಡು ಹೊರಟುಹೋದ. ಏನಾಯ್ತು ನಿಮಗೆ?" ಎಂದಳು.

"ಏನಿಲ್ಲ ಅಕ್ಕಾ. ಅವರ ವಸ್ತು ಅವರಿಗೆ."

* * *

ಶನಿವಾರ ಮಧ್ಯಾಹ್ನ. ಬೆಳಗಾದರೆ ಲಾರಿ.

ಪಾತ್ರೆ ಗೋಣಿಚೀಲಕ್ಕೆ ಹೋಗಿತ್ತು, ಬಟ್ಟೆ ಟ್ರಂಕಿಗೆ. ಗೋಡೆಯಿಂದ ಅಮ್ಮನ ಫೋಟೋ ಇಳಿದಿತ್ತು. ಉಳಿದದ್ದು ಟಿವಿ, ಬಾಕ್ಸ್, ಅಪ್ಪನ ಕುರ್ಚಿ. ಅವಳು ಹಳದಿ ವೈರಿಗೆ ಕೈ ಹಾಕಿದ್ದೇ ತಡ, ಅಪ್ಪ ಎಡಗೈಯಿಂದ ಕುರ್ಚಿಯ ತೋಳು ಬಡಿದರು.

"ಕಿಟಕಿ! ಅಲ್ಲ... ಅಲ್ಲ... ಕೊ... ಕೊನೇ..."

"ಕೊನೆ ಭಾಗ ಕೇಳಬೇಕಾ ಅಪ್ಪಾ?"

ಅಪ್ಪ ತಲೆಯಾಡಿಸಿದರು. ಅವಳ ಕೈ ಹಿಂಜರಿಯಿತು. ಆ ಪೆನ್ ಡ್ರೈವನ್ನು ಮತ್ತೆ ಮುಟ್ಟಲೂ ಮನಸ್ಸಿರಲಿಲ್ಲ. ಆದರೂ ಹಾಕಿದಳು. 'ನಿಮಗೆ' ಎಂಬ ಹೆಸರಿನಿಂದ ಕಣ್ಣು ತಪ್ಪಿಸಿ, ಅಪ್ಪನ ಫೋಲ್ಡರ್ ಒತ್ತಿದಳು.

*ಮುಚ್ಚಿರುವ ಕದದೊಳಗೆ ಕುಳಿತವಳ ಕಿವಿಯೊಳಗೆ*
*ಅಚ್ಚಳಿಯದುಳಿದಿತ್ತು ಹೊಳೆಯ ಹಾಡು*

ಅಪ್ಪನ ಹಳೆಯ ಕಂಠ. ಅಪ್ಪ ಕಣ್ಣುಮುಚ್ಚಿ ಜೊತೆಗೂಡಿದರು. ಮೊದಲ ಪದ್ಯ ಮುಗಿಯಿತು. ಎರಡನೆಯದಕ್ಕೆ ಅಪ್ಪ ಉಸಿರೆಳೆದುಕೊಂಡರು. ಅಷ್ಟರಲ್ಲಿ ಟಿವಿ,

*ಆರಿರುವ ಹಣತೆಯನು ಕೈಯಿಂದ ಕೆಳಗಿಟ್ಟು*
*ದೂರಕ್ಕೆ ನಡೆದವಳ ಹೆಜ್ಜೆ ಸದ್ದು*

ಎಂದಿತು.

ಅಪ್ಪ ಥಟ್ಟನೆ ಕಣ್ಣು ಬಿಟ್ಟರು.

"ಹತ್ತು!"

"ಏನಪ್ಪಾ?"

"ಹತ್ತು! ಹತ್ತು!"

"ಎಲ್ಲಿಗೆ ಹತ್ತಬೇಕು? ಮಂಚ ಹತ್ತಿ ಮಲಗ್ತೀರಾ?"

ಅಪ್ಪನಿಗೆ ಸಿಟ್ಟು ಬಂತು. "ಹತ್ತೂ!"

"ಅಯ್ಯೋ, ಮಂಚಾನೇ ಬಿಚ್ಚಿಟ್ಟಾಗಿದೆಯಲ್ಲ ಅಪ್ಪಾ... ಎಲ್ಲಿ ಹತ್ತಿಸಲಿ ನಾನು?"

ಅಪ್ಪ ಹಣೆ ಚಚ್ಚಿಕೊಂಡರು. ಎಡಗೈಯ ಎರಡು ಬೆರಳನ್ನು ಅವಳ ಮುಖದೆದುರು ಹಿಡಿದು ಅಲ್ಲಾಡಿಸಿದರು. ಟಿವಿ ತನ್ನ ಪಾಡಿಗೆ ಇನ್ನೇನೋ ಪದ್ಯ ಹೇಳುತ್ತಿತ್ತು. ಅಪ್ಪ ಅದಕ್ಕಿಂತ ಗಟ್ಟಿಯಾಗಿ, ಮೇಷ್ಟ್ರಾಗಿದ್ದಾಗ ಹಿಂದಿನ ಬೆಂಚಿಗೂ ಕೇಳುವಂತೆ ಹೇಳುತ್ತಿದ್ದರಲ್ಲ, ಹಾಗೆ ದನಿಯೆತ್ತಿದರು.

*ಕರೆದವನು ದೂರದಲಿ ನಿಂತಿರುವನೆಂದಲ್ಲ*
*ತೆರೆಯದಿಹ ಬಾಗಿಲಿನ ಅಂಚಿನಲ್ಲೆ!*

ಮತ್ತೆ ಎರಡು ಬೆರಳು. ಆಮೇಲೆ ಟಿವಿಯ ಕಡೆ ಕೈ ತೋರಿಸಿ ಕಿರುಚಿದರು, "ಹತ್ತು!"

ಆಗ ಅವಳಿಗೆ ಹೊಳೆಯಿತು. ಎರಡನೇ ಪದ್ಯ ಬರಬೇಕಾದ ಕಡೆ ಹತ್ತನೇ ಪದ್ಯ ಬಂದಿತ್ತು!

ಅವಳು ನಿಧಾನವಾಗಿ ಟಿವಿಯ ಕಡೆ ತಿರುಗಿದಳು. ಪರದೆಯ ಮೇಲೆ ಪಟ್ಟಿ ಕಣ್ಣಿಗೆ ರಾಚುವಂತಿತ್ತು. ಒಂದು. ಅದರ ಕೆಳಗೆ ಹತ್ತು. ಹನ್ನೊಂದು, ಹನ್ನೆರಡು, ಹದಿಮೂರು, ಹದಿನಾಲ್ಕು. ಅದಾದ ಮೇಲೆ ಎರಡು. ಒಂದರಿಂದ ಶುರುವಾಗುವ ಅಂಕಿಯನ್ನೆಲ್ಲ ಆ ಪೆದ್ದು ಬಾಕ್ಸ್ ಒಂದರ ಹಿಂದೆಯೇ ಸಾಲಾಗಿ ನಿಲ್ಲಿಸಿತ್ತು. ಈವರೆಗಿನ ಭಾಗಗಳಲ್ಲೆಲ್ಲ ಎಂಟೋ ಒಂಬತ್ತೋ ಪದ್ಯ, ಯಾರಿಗೂ ಗೊತ್ತಾಗಿರಲಿಲ್ಲ. ಕೊನೆಯ ಭಾಗದಲ್ಲಿ ಮಾತ್ರ ಹದಿನಾಲ್ಕಿದ್ದವು.

ಹಾಗಾದರೆ...

ಹಾಗಾದರೆ ಅವನ ಮಾತು?

'ನಿಮಗೆ' ತೆರೆದಳು. ಒಂದು. ಹತ್ತು. ಹನ್ನೊಂದು. ಹನ್ನೆರಡು. ಎರಡು, ಮೂರು...

ಬಂದವರಿಗೆಲ್ಲ ಗೋಡೆಯ ಮೇಲಿನ ಅಕ್ಷರ ಓದಿಸಿದವಳು, ಎರಡಡಿ ದೂರದ ಅಂಕಿಯನ್ನು ಓದಿರಲಿಲ್ಲ!

ಅಪ್ಪ ಎಚ್ಚರವಾಗಿಯೇ ಇದ್ದರು, ನೋಡುತ್ತಲೇ ಇದ್ದರು. ಇರಲಿ. ಅವಳು ದನಿ ಸಣ್ಣದು ಮಾಡಲಿಲ್ಲ. ರಿಮೋಟಿನಿಂದ ಕೆಳಗಿಳಿದು ಎರಡನೆಯದನ್ನು ಒತ್ತಿದಳು. ಆಮೇಲೆ ಮೂರು. ಒಂದೊಂದಾಗಿ, ಸರಿಯಾದ ಸಾಲಿನಲ್ಲಿ.

"ಆದರೆ ಮಂಗಳವಾರ ಬರ್ತಿದ್ದ ಹಾಗೆ ಬುಧವಾರಕ್ಕೆ ಅಂಗಿ ಇಸ್ತ್ರಿ ಮಾಡ್ತಾ ಕೂತಿದ್ದೆ. ನನ್ನ ಕೈ ನನ್ನ ಮಾತು ಕೇಳ್ತಾ ಇಲ್ಲ."

"ಹೋದ ವಾರ ನೀವು ಬೀಗ ತೋರಿಸಿ ಬೈದ್ರಿ. ನಿಮ್ಮ ಮೇಲೆ ಸಿಟ್ಟು ಬರ್ಲಿಲ್ಲ. ನಾಲ್ಕು ವರ್ಷ ಅದನ್ನ ನೀವೊಬ್ಬರೇ ಹಾಕಿ, ನೀವೊಬ್ಬರೇ ತೆಗೆದಿದ್ದೀರಲ್ಲ ಅನ್ನಿಸ್ತು."

"ಈಗ ಹೇಳೋದು ತಮಾಷೆ ಅಲ್ಲ. ನಾನು ತಮಾಷೆ ಮಾಡಿದ್ರೆ ನಿಮಗೆ ಗೊತ್ತಾಗುತ್ತಲ್ಲ, ನಗು ಬರಲ್ಲ."

"ಅಂಗಡಿ ಹಿಂದೇನೇ ನನ್ನ ಮನೆ. ಎರಡು ಕೋಣೆ. ಒಂದೂ ಮೆಟ್ಟಿಲಿಲ್ಲ. ಅಪ್ಪನ ಕುರ್ಚಿ ಅಗಲ ಅಳೆದುಕೊಂಡು ಹೋಗಿದ್ದೆ. ಬಾಗಿಲಲ್ಲಿ ಹೋಗುತ್ತೆ. ಎರಡು ಬೆರಳು ಜಾಗ ಉಳಿಯುತ್ತೆ."

ಅವಳ ಕಣ್ಣು ಮಂಜಾಯಿತು. ಕುರ್ಚಿ ಅಳೆದದ್ದು ಯಾವಾಗ? ವೈರು ಹುಡುಕುತ್ತಿದ್ದೇನೆ ಎಂದು ನೆಲದ ಮೇಲೆ ತೆವಳುತ್ತಿದ್ದನಲ್ಲ, ಆವತ್ತಾ?

"ನೀವು ಕನ್ನಡಕದ ಅಂಗಡಿಗೆ ಮತ್ತೆ ಹೋಗಬಹುದು. ನಾನು ಹೇಗೂ ದಿನವಿಡೀ ಅಂಗಡೀಲೇ ಇರ್ತೀನಿ. ಮಧ್ಯದ ಬಾಗಿಲು ತೆಗೆದಿಟ್ರೆ ಅಪ್ಪ ನನ್ನ ಕಣ್ಣೆದುರೇ ಇರ್ತಾರೆ."

"ಅಪ್ಪನ್ನ ಬಿಟ್ಟು ಬನ್ನಿ ಅಂತ ನಾನು ಯಾವತ್ತೂ ಹೇಳಲ್ಲ. ಅವರ ಪದ್ಯ ಕೇಳ್ತಾ ಕೇಳ್ತಾನೇ ನನಗೆ ನೀವು ಅರ್ಥ ಆಗಿದ್ದು."

ಎಂಟನೆಯದರಲ್ಲಿ ತುಂಬ ಹೊತ್ತು ಬರೀ ಉಸಿರು. ದೂರದಲ್ಲಿ ಯಾವುದೋ ಗಾಡಿಯ ಸದ್ದು. ಕೊನೆಗೆ,

"ನನ್ನನ್ನ ಮದುವೆ ಆಗ್ತೀರಾ?"

"ಇದೆಲ್ಲ ಬೇಡ ಅನ್ನಿಸಿದ್ರೆ..." ಎಂದಿತು ಒಂಬತ್ತು.

"ನನಗೆ ಫೋನ್ ಮಾಡಬೇಡಿ. ಕಾರಣಾನೂ ಹೇಳಬೇಡಿ. ನನ್ನ ಟೆಸ್ಟರ್..."

ಬೇಡ ಅನ್ನಿಸಿದರೆ! ಬೇಡ ಅನ್ನಿಸಿದರೆ ಮಾತ್ರ! ಅಯ್ಯೋ, ಟೆಸ್ಟರನ್ನು ಕಾಗದದಲ್ಲಿ ಸುತ್ತಿ, ತನ್ನ ಕೈಯಾರೆ...

ಹನ್ನೊಂದನ್ನು ದಾಟಿ ಹನ್ನೆರಡನ್ನು ಒತ್ತಿದಳು.

"ಬೇಕು ಅನ್ನಿಸಿದ್ರೆ ಟೆಸ್ಟರ್ ಅಲ್ಲೇ ಇರಲಿ. ಶನಿವಾರ ಬಂದು ನಿಮ್ಮಣ್ಣನ ಹತ್ರ ನಾನೇ ಫೋನಲ್ಲಿ ಮಾತಾಡ್ತೀನಿ. ರಿಪೇರಿಯವನಾಗಿ ಅಲ್ಲ."

ಇವತ್ತೇ ಶನಿವಾರ. ಅವನು ಬಂದಿರಲಿಲ್ಲ. ಹೇಗೆ ಬರುತ್ತಾನೆ!

ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿ ಬಿಕ್ಕಿದಳು. ಸೊಂಟದಲ್ಲಿ ಏನೋ ಸರಿದಂತಾಯಿತು. ತಲೆಯೆತ್ತಿ ನೋಡಿದರೆ ಅಪ್ಪ ಬಾಗಿ, ಎಡಗೈಯಿಂದ ಅವಳ ಕೀಲಿಯನ್ನು ಬಿಡಿಸುತ್ತಿದ್ದರು. ಬಿಡಿಸಿ ಅವಳ ಅಂಗೈಯಲ್ಲಿಟ್ಟು ಬೆರಳು ಮಡಚಿದರು.

"ಹೋಗು," ಎಂದರು. ತುಟಿ ನಡುಗಿತು. ಪದ ಹುಡುಕುವ ಆ ಹಳೆಯ ಪರದಾಟ. ಅವಳು 'ಗಡಿಯಾರ'ಕ್ಕೆ ಕಾದಳು.

"ಹೋಗು... ಮರಿ."

* * *

"ಅಕ್ಕಾ! ಮೇಲೆ ಅಪ್ಪನ ಹತ್ರ ಸ್ವಲ್ಪ ಕೂತಿರ್ತೀರಾ? ಹತ್ತೇ ನಿಮಿಷ!"

ಅಕ್ಕ ಅವಳ ಅತ್ತ ಮುಖ, ಕೆದರಿದ ತಲೆ, ಬರಿಗಾಲು ನೋಡಿದಳು.

"ಹತ್ತು ನಿಮಿಷ ಅಲ್ಲ ಕಣೇ, ಸಂಜೆವರೆಗೂ ಕೂರ್ತೀನಿ. ನಾಲ್ಕು ವರ್ಷದಿಂದ ನೀನು ಕೇಳಲಿ ಅಂತ ಕಾಯ್ತಾ ಇದ್ದೆ. ನೀನು ಕೇಳಿದ್ರೆ ತಾನೆ! ಚಪ್ಪಲಿ ಹಾಕ್ಕೊಂಡು ಹೋಗು!"

ಆ ಮಾತು ಅವಳನ್ನು ಒಂದು ಗಳಿಗೆ ನಿಲ್ಲಿಸಿತು. ನಾಲ್ಕು ವರ್ಷ... ಕೇಳಬಹುದಿತ್ತು. ಬೀಗ ಬಾಗಿಲಿಗೊಂದೇ ಅಲ್ಲ, ತನ್ನ ಬಾಯಿಗೂ ತಾನೇ ಹಾಕಿಕೊಂಡಿದ್ದಳು.

ಅಕ್ಕನ ಚಪ್ಪಲಿಯನ್ನೇ ಮೆಟ್ಟಿಕೊಂಡು ಅವಳು ಬೀದಿಗೆ ಬಂದಳು. ಬಿಸಿಲು ಮುಖಕ್ಕೆ ಬಡಿಯಿತು. ಬೀದಿಗೆ ಎಷ್ಟೊಂದು ಉದ್ದ! ಎಷ್ಟೊಂದು ಸದ್ದು! ನಡೆದಳು, ಆಮೇಲೆ ಓಡಿದಳು.

ಅಂಗಡಿಯಲ್ಲಿ ಅವನು ಬಿಚ್ಚಿದ ಟಿವಿಯೊಂದರ ಬೆನ್ನಿನೊಳಗೆ ತಲೆಹಾಕಿ ಕೂತಿದ್ದ.

"ನಿಮ್ಮ ಬಾಕ್ಸಿಗೆ ಎಣಿಸೋಕೆ ಬರಲ್ಲ!"

ಅವನು ಬೆಚ್ಚಿ ತಲೆಯೆತ್ತಿದ. ಟಿವಿಯ ಅಂಚಿಗೆ ಹಣೆ ಹೊಡೆಯಿತು. ಕನ್ನಡಕ ಸೊಟ್ಟಗಾಯಿತು.

"ನೀವು... ಹೊರಗೆ... ಅಪ್ಪ ಎಲ್ಲಿ?"

"ಅಕ್ಕ ಇದ್ದಾರೆ. ನನ್ನ ಮಾತು ಕೇಳ್ರೀ ಮೊದ್ಲು! ಅದು ಒಂದಾದ ಮೇಲೆ ಹತ್ತು ಅನ್ನುತ್ತೆ. ಹತ್ತಾದ ಮೇಲೆ ಹನ್ನೊಂದು. ಎರಡನೇದು ಎಲ್ಲೋ ಕೆಳಗೆ ಬಿದ್ದಿತ್ತು!"

"ಇಲ್ವಲ್ಲ. ಅಂಗಡಿ ಕಂಪ್ಯೂಟರಲ್ಲಿ ಸಾಲಾಗೇ ಇತ್ತು... ನೋಡೇ ಕಳಿಸಿದ್ದೆ..." ಅವನು ಮಾತು ನಿಲ್ಲಿಸಿದ. ಮುಖ ಬಿಳಿಚಿತು. ತುಟಿಯೊಳಗೇ ಎಣಿಸಿಕೊಂಡ. "ಒಂದು... ಹತ್ತು... ಹನ್ನೊಂದು... ಅಯ್ಯೋ! ನಿಮ್ಮ ಮನೆಗೆ ಬರೋದು ನಿಲ್ಲಿಸಬೇಕು, ಫೋನ್ ಮಾಡಬೇಡಿ, ಚೆನ್ನಾಗಿರಿ... ಇಷ್ಟೇ ಕೇಳಿದ್ರಾ?"

"ಇಷ್ಟೇ ಕೇಳಿ ಪ್ಲಗ್ ಕಿತ್ತೆ. ನೀವೇ ಹೇಳಿಕೊಟ್ಟಿದ್ದಲ್ವಾ!"

"ಅದಕ್ಕೇ ಟೆಸ್ಟರ್..."

"ಅದಕ್ಕೇ."

ಅವನು ಸ್ಟೂಲಿನ ಮೇಲೆ ಕುಸಿದ. ನಗುವೋ ಅಳುವೋ ತಿಳಿಯದ ಮುಖ. "ಎರಡು ದಿನದಿಂದ ಇದೇ ಟಿವಿ ಬಿಚ್ತಾ ಇದೀನಿ, ಜೋಡಿಸ್ತಾ ಇದೀನಿ. ಇದರಲ್ಲಿ ಏನೂ ಕೆಟ್ಟೇ ಇಲ್ಲ ರೀ."

ಅವಳು ಹತ್ತಿರ ಬಂದಳು. ಸೊಟ್ಟಗಾದ ಕನ್ನಡಕ ತೆಗೆದು, ಕಡ್ಡಿ ನೇರ ಮಾಡಿ, ಕಿವಿಯ ಹಿಂದೆ ಸಿಕ್ಕಿಸಿ ಮತ್ತೆ ಹಾಕಿದಳು. ಕೈ ಅಲ್ಲೇ ನಿಂತಿತು.

"ಎಂಟನೇದು ಇನ್ನೊಂದ್ಸಲ ಹೇಳಿ. ಬಾಕ್ಸಲ್ಲಿ ಅಲ್ಲ. ಎದುರಿಗೆ."

"ನನ್ನನ್ನ... ಮದುವೆ ಆಗ್ತೀರಾ?"

"ಹೂಂ."

"ಬರೀ ಹೂಂ?"

"ನಿಮಗೆ ಹನ್ನೆರಡು ಬೇಕಾಯ್ತು. ನನಗೆ ಒಂದು ಸಾಕು. ಸಾಲು ತಪ್ಪೋ ಭಯ ಇಲ್ಲ."

ಅವನು ನಕ್ಕ. ನಗುತ್ತ ನಗುತ್ತ ಕಣ್ಣೊರೆಸಿಕೊಂಡ. "ನಾಳೆ ಲಾರಿ ಬರುತ್ತಲ್ಲ? ಅಣ್ಣಂಗೆ ಏನು ಹೇಳೋಣ?"

"ಬರಲಿ ಬಿಡಿ. ಇಲ್ಲೀವರೆಗೆ ಸಾಮಾನು ಸಾಗಿಸೋಕೆ ಲಾರಿ ಬೇಕಲ್ಲ."

ಅಂಗಡಿಯ ಗೋಡೆಯ ಗಡಿಯಾರ ನೋಡಿ ಅವಳು ಬೆಚ್ಚಿದಳು. "ಅಯ್ಯೋ, ಇಪ್ಪತ್ತು ನಿಮಿಷ ಆಗೋಯ್ತು! ಅಪ್ಪ..."

"ನಡೀರಿ, ನಾನೂ ಬರ್ತೀನಿ. ಮೊದಲು ಅಪ್ಪನ್ನ ಕೇಳಬೇಕಿತ್ತು ನಾನು."

"ಅವರು ಎಲ್ಲಾ ಕೇಳಿಸಿಕೊಂಡಾಯ್ತು. ಸಾಲಾಗಿ."

ಬಿಸಿಲಿನಲ್ಲಿ ಇಬ್ಬರೂ ನಡೆದರು. ಅಕ್ಕನ ಚಪ್ಪಲಿ ದೊಡ್ಡದಾಗಿ ಅವಳ ಕಾಲಿನಲ್ಲಿ ಪಟಪಟ ಎನ್ನುತ್ತಿತ್ತು. ಬೀದಿಯ ತಿರುವಿನಲ್ಲಿ ಅವಳು ಬಿಗಿದ ಮುಷ್ಟಿ ಬಿಚ್ಚಿದಳು. ಅಷ್ಟು ಹೊತ್ತೂ ಕೀಲಿ ಅಲ್ಲೇ ಇತ್ತು. ಅಂಗೈಯಲ್ಲಿ ಅದರ ಅಚ್ಚು ಮೂಡಿತ್ತು. ಅದನ್ನು ಅವನ ಕೈಗಿಟ್ಟಳು.

"ಇದನ್ನ ಸ್ವಲ್ಪ ಹೊತ್ತು ನೀವು ಹಿಡ್ಕೊಳ್ಳಿ. ನಂಗೆ ಕೈ ನೋವು."

ಅವನು ಕೀಲಿಯನ್ನು ಜೇಬಿಗಿಳಿಸಿದ. ಅದೇ ಜೇಬಿನಿಂದ, ಕಾಗದ ಸುತ್ತಿದ ಟೆಸ್ಟರ್ ತೆಗೆದು ಅವಳಿಗೆ ಕೊಟ್ಟ.

"ಇನ್ನು ಇದನ್ನ ಎಲ್ಲೂ ಮರೆತು ಬರಬೇಡಿ," ಎಂದಳು ಅವಳು.

"ಮರೆತು ಬರೋಕೆ ನನಗಿನ್ನು ಬೇರೆ ಮನೆ ಎಲ್ಲಿದೆ?"